ನಮ್ಮ ಸ್ಟೂಡೆಂಟ್ ಥ್ರಿಲ್ಲರ್ ಮುಗಿಯುವ ಹಂತದಲ್ಲಿದೆ: ಯಾರಿಗೆ ತೋರಿಸಬೇಕು, ಎಲ್ಲಿ ಮೊದಲು?

ಕತ್ತಲೆಕೋಣೆ

ಎಲ್ಲರಿಗೂ ನಮಸ್ಕಾರ. ಕೊನೆ ವರ್ಷದ ಪ್ರಾಜೆಕ್ಟ್‌ಗಾಗಿ ನಾವು ಕ್ಲಾಸಿನ ಕೆಲವರು ಸೇರಿ ಒಂದು ಥ್ರಿಲ್ಲರ್ ಮಾಡಿದ್ದೇವೆ. ಶೂಟಿಂಗ್ ಮುಗಿದಿದೆ, ಎಡಿಟಿಂಗ್ ನಡೆಯುತ್ತಿದೆ. ಸದ್ಯಕ್ಕೆ 19 ನಿಮಿಷ ಇದೆ.

ಕತೆ ಇಷ್ಟೇ. ರಾತ್ರಿ ಪಾಳಿಯ ಸೆಕ್ಯೂರಿಟಿ ಗಾರ್ಡ್ ಒಬ್ಬಳು ಸಿಸಿಟಿವಿ ರೂಮಿನಲ್ಲಿ ಒಂಟಿಯಾಗಿ ಕೂತಿರುತ್ತಾಳೆ. ಎದುರಿಗೆ ಒಂಬತ್ತು ಸ್ಕ್ರೀನ್. ಅದರಲ್ಲಿ ಒಂದು ಸ್ಕ್ರೀನ್‌ನಲ್ಲಿ ಇದ್ದಕ್ಕಿದ್ದಂತೆ ಅವಳು ಕೂತಿರುವ ರೂಮೇ ಕಾಣಿಸುತ್ತದೆ. ಆದರೆ ಆ ರೂಮಿನಲ್ಲಿ ಕ್ಯಾಮೆರಾನೇ ಇಲ್ಲ. ಮುಂದೇನಾಗುತ್ತದೆ ಅಂತ ಇಲ್ಲಿ ಹೇಳಲ್ಲ.

ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಹಂಚಿಕೆ ಮತ್ತು ಪ್ರೇಕ್ಷಕರ ಬಗ್ಗೆ ಒಂದು ಭಾಗ ಬರೆಯಬೇಕು. ನಾವು "15ರಿಂದ 35 ವಯಸ್ಸಿನವರು, ಥ್ರಿಲ್ಲರ್ ಇಷ್ಟಪಡುವ ಎಲ್ಲರೂ" ಅಂತ ಬರೆದಿದ್ದೇವೆ. ಗೈಡ್ ಅದನ್ನು ಓದಿ "ಇದರಿಂದ ನಿಮಗೆ ಏನು ಗೊತ್ತಾಯಿತು?" ಅಂತ ಕೇಳಿದರು. ಉತ್ತರ ಹೊಳೆಯಲಿಲ್ಲ.

ಟೀಮಿನಲ್ಲೂ ಎರಡು ಅಭಿಪ್ರಾಯ ಇದೆ. ಅರ್ಧ ಜನ ಮುಗಿದ ದಿನವೇ ಯೂಟ್ಯೂಬ್‌ಗೆ ಹಾಕೋಣ ಅಂತಾರೆ. ಉಳಿದವರು ಮೊದಲು ಫೆಸ್ಟಿವಲ್‌ಗೆ ಕಳಿಸೋಣ ಅಂತಾರೆ. ರಿಪೋರ್ಟ್‌ಗೆ ಅಂತ ಮಾತ್ರ ಕೇಳುತ್ತಿಲ್ಲ. ಈ ಸಿನಿಮಾವನ್ನು ನಿಜಕ್ಕೂ ಜನ ನೋಡಬೇಕು ಅನ್ನೋ ಆಸೆ ನಮಗೆ ಇದೆ. ತಿಳಿದವರು ದಾರಿ ತೋರಿಸಿ.

ಪರದೆಹಿಂದೆ

ಕತೆಯ ಎಳೆ ಚೆನ್ನಾಗಿದೆ. ನಾನು ಕಿರುಚಿತ್ರ ಆಯ್ಕೆ ಮಾಡುವ ಕೆಲಸದಲ್ಲಿ ಇದ್ದವನು, ಆ ಕಡೆಯಿಂದ ಹೇಳುತ್ತೇನೆ.

ನಿಮ್ಮ ಗೈಡ್ ಸರಿಯಾಗಿಯೇ ಕೇಳಿದ್ದಾರೆ. ವಯಸ್ಸಿನ ಲೆಕ್ಕ ಪ್ರೇಕ್ಷಕರ ಬಗ್ಗೆ ಏನೂ ಹೇಳಲ್ಲ. ಸಿನಿಮಾ ಅವರ ಕಣ್ಣಿಗೆ ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಮನಸ್ಥಿತಿಯಲ್ಲಿ ಬೀಳುತ್ತದೆ ಅನ್ನೋದನ್ನು ಬರೆಯಿರಿ. ರಾತ್ರಿ ಮಲಗುವ ಮುಂಚೆ ಇಯರ್‌ಫೋನ್ ಹಾಕಿಕೊಂಡು ಹೆದರಿಸುವ ಕಿರುಚಿತ್ರ ಹುಡುಕುವವರು ಒಂದು ಗುಂಪು. ಥ್ರಿಲ್ಲರ್, ಹಾರರ್‌ಗೆ ಅಂತಲೇ ಇರುವ ಫೆಸ್ಟಿವಲ್‌ಗಳಿಗೆ ಟಿಕೆಟ್ ತೆಗೆದುಕೊಂಡು ಹೋಗುವವರು ಇನ್ನೊಂದು ಗುಂಪು. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರು ಮೂರನೇ ಗುಂಪು. ಈ ಮೂರನೆಯವರನ್ನು ನೀವು ಯೋಚಿಸಿಯೇ ಇಲ್ಲ ಅನಿಸುತ್ತದೆ. ನಿಮ್ಮ ನಾಯಕಿಯ ಬದುಕು ಅವರದ್ದೇ. ಅವರು ಮೆಚ್ಚಿದರೆ ತಮ್ಮವರಿಗೆಲ್ಲ ತಾವಾಗಿಯೇ ಕಳಿಸುತ್ತಾರೆ.

ಇನ್ನು ಫೆಸ್ಟಿವಲ್ ವಿಷಯ. ವಿದ್ಯಾರ್ಥಿ ಸಿನಿಮಾ ಅನ್ನೋದು ಕೊರತೆ ಅಲ್ಲ, ನಿಮಗೆ ಅಂತಲೇ ಇರುವ ಬಾಗಿಲು. ಕಾನ್ ಚಿತ್ರೋತ್ಸವದಲ್ಲಿ 1998ರಿಂದ ಫಿಲ್ಮ್ ಸ್ಕೂಲ್ ಸಿನಿಮಾಗಳಿಗೇ ಒಂದು ವಿಭಾಗ ಇದೆ, ಈಗ ಅದನ್ನು ಲಾ ಸಿನೆಫ್ ಅಂತಾರೆ. 2024ರಲ್ಲಿ ಅಲ್ಲಿ ಮೊದಲ ಬಹುಮಾನ ಬಂದದ್ದು ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರಕ್ಕೆ. ಅದೂ ವಿದ್ಯಾರ್ಥಿಗಳ ಸಿನಿಮಾನೇ. ವಿದ್ಯಾರ್ಥಿಗಳಿಗೆ ಕೊಡುವ ಆಸ್ಕರ್ ಕೂಡ 1970ರ ದಶಕದಿಂದ ನಡೆಯುತ್ತಿದೆ.

ಆದರೆ ನಿಮ್ಮದು ಥ್ರಿಲ್ಲರ್. ಹಾಗಾಗಿ ಬರೀ ದೊಡ್ಡ ಹೆಸರುಗಳನ್ನು ಹಿಡಿದು ಕೂರಬೇಡಿ. ಸ್ಪೇನ್‌ನ ಸಿಟ್ಜೆಸ್ ಫೆಸ್ಟಿವಲ್ 1968ರಿಂದ ಇದೆ. ಮಾಂಟ್ರಿಯಲ್‌ನ ಫ್ಯಾಂಟೇಶಿಯಾ, ಲಂಡನ್‌ನ ಫ್ರೈಟ್‌ಫೆಸ್ಟ್, ದಕ್ಷಿಣ ಕೊರಿಯಾದ ಬುಚಿಯಾನ್, ಇವೆಲ್ಲ ಇದೇ ಜಾತಿಯ ಸಿನಿಮಾಗಳಿಗೆ ಹೆಸರಾದವು. ಅಲ್ಲಿ ಕೂರುವ ಜನ ಬೆಚ್ಚಿಬೀಳೋಕೆ ಅಂತಲೇ ಬಂದಿರುತ್ತಾರೆ. ಕಿರುಚಿತ್ರಗಳಿಗೇ ಮೀಸಲಾದ ಹಬ್ಬಗಳಲ್ಲಿ ಫ್ರಾನ್ಸ್‌ನ ಕ್ಲೆರ್ಮಾಂ ಫೆರಾಂ ತುಂಬಾ ದೊಡ್ಡದು. ಅಲ್ಲಿ ಕಿರುಚಿತ್ರ ಕೊಳ್ಳುವವರ ಮಾರುಕಟ್ಟೆ ಕೂಡ ನಡೆಯುತ್ತದೆ.

ಮೊದಲು ಫೆಸ್ಟಿವಲ್, ಆಮೇಲೆ ನೆಟ್. ನನ್ನ ಮತ ಅದಕ್ಕೇ. ಒಮ್ಮೆ ನೆಟ್‌ಗೆ ಹಾಕಿದರೆ ಕೆಲವು ಫೆಸ್ಟಿವಲ್‌ಗಳ ಬಾಗಿಲು ಮುಚ್ಚಿದ ಹಾಗೇ. ಫೆಸ್ಟಿವಲ್ ಮುಗಿಸಿ ನೆಟ್‌ಗೆ ಬಂದರೆ ಯಾರೂ ಬೇಡ ಅನ್ನಲ್ಲ.

ನೇರನೆಟ್

ಪರದೆಹಿಂದೆ ಅವರ ಮಾತಿಗೆ ಗೌರವ ಇದೆ. ಆದರೂ ಇನ್ನೊಂದು ಮಗ್ಗುಲನ್ನೂ ನೋಡಲೇಬೇಕು.

ಫೆಸ್ಟಿವಲ್‌ಗೆ ಕಳಿಸಿ ಉತ್ತರಕ್ಕೆ ಕಾಯುತ್ತಾ ಕೂತರೆ ಒಂದು ವರ್ಷ ಹೋಗುತ್ತದೆ. ಅಷ್ಟರಲ್ಲಿ ಟೀಮ್ ಚದುರಿರುತ್ತದೆ, ಒಬ್ಬೊಬ್ಬರು ಒಂದೊಂದು ಕೆಲಸ ಹಿಡಿದಿರುತ್ತಾರೆ. ಆಗ ಪ್ರಚಾರ ಮಾಡೋರು ಯಾರು? ಪ್ರತಿ ಫೆಸ್ಟಿವಲ್‌ಗೂ ಪ್ರವೇಶ ಶುಲ್ಕ ಬೇರೆ. ವಿದ್ಯಾರ್ಥಿಗಳ ಜೇಬಿಗೆ ಅದು ಸಣ್ಣ ಹೊರೆ ಅಲ್ಲ.

ನೆಟ್‌ನಿಂದಲೇ ಮೇಲೆ ಬಂದವರು ಇದ್ದಾರೆ. ಸ್ವೀಡನ್‌ನ ಡೇವಿಡ್ ಸ್ಯಾಂಡ್‌ಬರ್ಗ್ 2013ರಲ್ಲಿ ಹೆಂಡತಿಯನ್ನೇ ನಟಿಯಾಗಿ ಇಟ್ಟುಕೊಂಡು, ಮನೆಯಲ್ಲೇ, 'ಲೈಟ್ಸ್ ಔಟ್' ಅನ್ನೋ ಕಿರುಚಿತ್ರ ಮಾಡಿದರು. ಮೂರು ನಿಮಿಷವೂ ಇಲ್ಲ. ದೀಪ ಆರಿಸಿದರೆ ಒಂದು ಆಕೃತಿ ಕಾಣುತ್ತದೆ, ಹಚ್ಚಿದರೆ ಇಲ್ಲ. ಇಷ್ಟೇ ಐಡಿಯಾ. ನೆಟ್‌ನಲ್ಲಿ ಅದು ಹಬ್ಬಿದ ರೀತಿ ನೋಡಿ ಹಾಲಿವುಡ್‌ನಿಂದ ಕರೆ ಬಂತು. 2016ರಲ್ಲಿ ಅದೇ ಹೆಸರಿನ ಪೂರ್ಣ ಸಿನಿಮಾವನ್ನು ಅವರೇ ನಿರ್ದೇಶನ ಮಾಡಿದರು.

ನಿಮ್ಮ ಕತೆಯಲ್ಲೂ ಅಂಥದ್ದೇ ಒಂದು ಗುಣ ಇದೆ. ಒಂದೇ ವಾಕ್ಯದಲ್ಲಿ ಹೇಳಬಹುದು, ಕೇಳಿದ ತಕ್ಷಣ ನೋಡಬೇಕು ಅನಿಸುತ್ತದೆ. ಇದು ನೆಟ್‌ಗೆ ಹೇಳಿ ಮಾಡಿಸಿದ ಕತೆ. ಆಲ್ಟರ್ ಥರದ ಹಾರರ್ ಕಿರುಚಿತ್ರಗಳ ಯೂಟ್ಯೂಬ್ ಚಾನೆಲ್‌ಗಳಿಗೆ ಆಗಲೇ ಲಕ್ಷಗಟ್ಟಲೆ ಜನ ಇದ್ದಾರೆ. ನಿಮ್ಮ ಸ್ವಂತ ಚಾನೆಲ್‌ನಲ್ಲಿ ಹಾಕಿದರೆ ಮನೆಯವರು, ಕ್ಲಾಸ್‌ಮೇಟ್‌ಗಳು ಬಿಟ್ಟರೆ ಬೇರೆ ಯಾರೂ ನೋಡಲ್ಲ. ಅಂಥ ಚಾನೆಲ್ ಒಪ್ಪಿಕೊಂಡರೆ ಮೊದಲ ದಿನವೇ ಸರಿಯಾದ ಜನರ ಎದುರು ನಿಲ್ಲುತ್ತೀರಿ.

ಪರದೆಹಿಂದೆ

ನೇರನೆಟ್, ನಿಮ್ಮ ಉದಾಹರಣೆ ಒಪ್ಪುವಂಥದ್ದೇ. ಆದರೆ ಆ ಕಿರುಚಿತ್ರ ಮೂರು ನಿಮಿಷದ್ದು. ಇವರದ್ದು 19. ಮೂರು ನಿಮಿಷವನ್ನು ಬಸ್ಸಿಗೆ ಕಾಯುವಾಗ ನೋಡಬಹುದು. 19 ನಿಮಿಷಕ್ಕೆ ಜನ ಕೂತು ನೋಡುವ ಮನಸ್ಸು ಮಾಡಬೇಕು. ಆ ಮನಸ್ಸು ಮಾಡಿಸೋಕೆ ಏನಾದರೂ ಕಾರಣ ಬೇಕಲ್ವಾ? ಫೆಸ್ಟಿವಲ್‌ಗೆ ಆಯ್ಕೆಯಾಗಿದೆ ಅನ್ನೋ ಒಂದು ಸಾಲು ಆ ಕೆಲಸ ಮಾಡುತ್ತದೆ. ನೀವು ಹೇಳುವ ಚಾನೆಲ್‌ನವರೂ ಆ ಸಾಲನ್ನು ನೋಡುತ್ತಾರೆ.

ಶುಲ್ಕದ ಬಗ್ಗೆ ನೀವು ಹೇಳಿದ್ದು ನಿಜ. ಅದಕ್ಕೇ ಕಂಡಕಂಡ ಕಡೆ ಕಳಿಸೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಶುಲ್ಕವಿಲ್ಲದ ಫೆಸ್ಟಿವಲ್‌ಗಳು ಇವೆ, ವಿದ್ಯಾರ್ಥಿಗಳಿಗೆ ಕಡಿಮೆ ಮಾಡುವವರು ಇದ್ದಾರೆ, ಬೇಗ ಕಳಿಸಿದರೆ ರಿಯಾಯಿತಿ ಕೊಡುವವರೂ ಇದ್ದಾರೆ. ಫೆಸ್ಟಿವಲ್‌ಗಳಿಗೆ ಸಿನಿಮಾ ಕಳಿಸುವ ಫಿಲ್ಮ್‌ಫ್ರೀವೇ ಸೈಟ್‌ನಲ್ಲಿ ಒಂದೊಂದರ ನಿಯಮವನ್ನೂ ಪೂರ್ತಿ ಓದಿ. ಅಲ್ಲೇ ಇನ್ನೊಂದು ಎಚ್ಚರಿಕೆ: ತಿಂಗಳಿಗೊಮ್ಮೆ ಪ್ರಶಸ್ತಿ ಹಂಚುವ, ಥಿಯೇಟರಿನಲ್ಲಿ ಯಾರಿಗೂ ಸಿನಿಮಾ ತೋರಿಸದ 'ಫೆಸ್ಟಿವಲ್'ಗಳು ಬೇಕಾದಷ್ಟಿವೆ. ಶುಲ್ಕ ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವರು ಹೋದ ವರ್ಷ ಯಾವ ಹಾಲ್‌ನಲ್ಲಿ, ಯಾರಿಗೆ ಸಿನಿಮಾ ತೋರಿಸಿದರು? ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ಕತ್ತರಿಮಾತು

ನಾನು ಎಡಿಟರ್. ನೀವಿಬ್ಬರೂ ಎಲ್ಲಿ ತೋರಿಸಬೇಕು ಅಂತ ಮಾತಾಡುತ್ತಿದ್ದೀರಿ, ಉದ್ದದ ಪ್ರಶ್ನೆ ಅದಕ್ಕಿಂತ ಮೊದಲಿನದು.

ಕಾನ್‌ನ ಕಿರುಚಿತ್ರ ಸ್ಪರ್ಧೆಯಲ್ಲಿ ಟೈಟಲ್ ಎಲ್ಲ ಸೇರಿ 15 ನಿಮಿಷ ದಾಟುವಂತಿಲ್ಲ. ಆಸ್ಕರ್‌ನಲ್ಲಿ 40 ನಿಮಿಷದವರೆಗೂ ಕಿರುಚಿತ್ರವೇ. ಹಾಗಾಗಿ 19 ಅನ್ನೋದು ನಿಯಮದ ಪ್ರಕಾರ ತಪ್ಪಲ್ಲ. ಆದರೆ ಆಯ್ಕೆ ಮಾಡುವವರು ಒಂದು ಪ್ರದರ್ಶನಕ್ಕೆ ಹಲವು ಚಿತ್ರಗಳನ್ನು ಜೋಡಿಸಬೇಕು. 19 ನಿಮಿಷದ ಒಂದು ಚಿತ್ರ ತೆಗೆದುಕೊಂಡರೆ ಎರಡು ಚಿಕ್ಕ ಚಿತ್ರಗಳ ಜಾಗ ಹೋಯಿತು. ಆ ಎರಡಕ್ಕಿಂತ ನಿಮ್ಮದು ಮೇಲು ಅನಿಸಬೇಕು.

ನಿಮ್ಮ ಮೊದಲ ಎರಡು ನಿಮಿಷದಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ಆದರೆ ವಿದ್ಯಾರ್ಥಿ ಥ್ರಿಲ್ಲರ್‌ಗಳಲ್ಲಿ ಮತ್ತೆ ಮತ್ತೆ ಕಾಣೋದು ಹೇಳುತ್ತೇನೆ. ಕಾಲೇಜಿನ ಲೋಗೋ, ತಂಡದ ಲೋಗೋ, ಅರ್ಪಣೆ, ಆಮೇಲೆ ಡ್ರೋನ್ ಶಾಟ್, ಆಮೇಲೆ ಅಲಾರಂ ಹೊಡೆದು ನಾಯಕಿ ಎದ್ದು ಹಲ್ಲುಜ್ಜುತ್ತಾಳೆ. ನಿಮ್ಮ ಕತೆ ಶುರುವಾಗಬೇಕಾದದ್ದು ಆ ಒಂಬತ್ತು ಸ್ಕ್ರೀನ್ ಎದುರು. ಲೋಗೋಗಳನ್ನೆಲ್ಲ ಕೊನೆಗೆ ಹಾಕಿ.

ಈಗ ಟ್ರೈಲರ್. ಥ್ರಿಲ್ಲರ್‌ನ ಪ್ರಚಾರದಲ್ಲಿ ಕಷ್ಟ ಇರೋದೇ ಇಲ್ಲಿ. ಗುಟ್ಟು ಬಿಟ್ಟುಕೊಡದೆ ಆಸೆ ಹುಟ್ಟಿಸಬೇಕು. ಹಿಚ್‌ಕಾಕ್ ಹೇಳುತ್ತಿದ್ದ ಮೇಜಿನ ಕೆಳಗಿನ ಬಾಂಬಿನ ಮಾತು ನಿಮ್ಮ ಕ್ಲಾಸಿನಲ್ಲಿ ಬಂದಿರುತ್ತದೆ. ಬಾಂಬ್ ಇದೆ ಅಂತ ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದರೆ ಸಾಮಾನ್ಯ ಮಾತುಕತೆಯೂ ಉಸಿರು ಬಿಗಿಹಿಡಿಸುತ್ತದೆ. ಟ್ರೈಲರ್‌ನಲ್ಲಿ ಬಾಂಬ್ ತೋರಿಸಿ. ಸಿಡಿಯೋದನ್ನು ಸಿನಿಮಾಗೆ ಬಿಡಿ.

ನಾನಾಗಿದ್ದರೆ 40 ಸೆಕೆಂಡಿನ ಟ್ರೈಲರ್ ಹೀಗೆ ಕತ್ತರಿಸುತ್ತಿದ್ದೆ. ಮೊದಲು ಕಪ್ಪು. ಸ್ಕ್ರೀನ್‌ಗಳ ಗುಂಯ್ ಸದ್ದು ಮಾತ್ರ. ಒಂಬತ್ತು ಚೌಕ ಒಂದೊಂದಾಗಿ ಹೊತ್ತಿಕೊಳ್ಳುತ್ತವೆ: ಪಾರ್ಕಿಂಗ್, ಮೆಟ್ಟಿಲು, ಲಿಫ್ಟ್, ಖಾಲಿ ಕಾರಿಡಾರ್. ಎಂಟು ತುಂಬುತ್ತದೆ, ಒಂಬತ್ತನೆಯದು ಬರೀ ಚುಕ್ಕಿ ಚುಕ್ಕಿ. ಅವಳು ಅದರ ಮೇಲೆ ಒಮ್ಮೆ ತಟ್ಟುತ್ತಾಳೆ. ಚಿತ್ರ ಬರುತ್ತದೆ. ಹಿಂದಿನಿಂದ ಅವಳದ್ದೇ ತಲೆ. ಅವಳು ನಿಧಾನವಾಗಿ ಕೈ ಎತ್ತುತ್ತಾಳೆ. ಸ್ಕ್ರೀನ್‌ನಲ್ಲೂ ಕೈ ಏಳುತ್ತದೆ. ಅವಳು ಕೈ ಇಳಿಸುತ್ತಾಳೆ. ಸ್ಕ್ರೀನ್‌ನಲ್ಲಿ ಇಳಿಯಲ್ಲ. ಕಟ್. ಹೆಸರು. ಮುಗಿಯಿತು. ಸಂಭಾಷಣೆ ಬೇಡ, "ಒಂದು ರಾತ್ರಿ... ಒಂದು ರಹಸ್ಯ..." ಅನ್ನೋ ಬರಹಗಳೂ ಬೇಡ.

ಮೂರನೇಸಾಲು

ನಾನು ಸುಮ್ನೆ ಪ್ರೇಕ್ಷಕಿ. ಕತ್ತರಿಮಾತು ಅವರ ಟ್ರೈಲರ್ ಓದಿ ಒಮ್ಮೆ ಹಿಂದೆ ತಿರುಗಿ ನೋಡಿದೆ. ಒಂದೇ ಕೋರಿಕೆ: ಕೊನೆಯಲ್ಲಿ ತಿರುವು ಇದೆ ಅಂತ ಪೋಸ್ಟರಿನಲ್ಲಿ ಬರೆಯಬೇಡಿ. "ಕ್ಲೈಮ್ಯಾಕ್ಸ್ ಊಹಿಸೋಕೆ ಸಾಧ್ಯವೇ ಇಲ್ಲ" ಅಂತ ಬರೆದ ತಕ್ಷಣ ನಾವು ಊಹಿಸೋಕೆ ಶುರು ಮಾಡುತ್ತೇವೆ. ಸಿನಿಮಾ ನೋಡೋದು ಬಿಟ್ಟು ಒಗಟು ಬಿಡಿಸುತ್ತಾ ಕೂರುತ್ತೇವೆ. ಭಯ ಆಗುವ ಜಾಗದಲ್ಲಿ ಭಯ ಆಗಲ್ಲ.

ಕತ್ತಲೆಕೋಣೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೈ ಇಳಿಸಿದರೂ ಸ್ಕ್ರೀನ್‌ನಲ್ಲಿ ಇಳಿಯದ ಶಾಟ್ ನಮ್ಮ ಹತ್ತಿರ ಇಲ್ಲ, ಆದರೆ ಅದೇ ಲೊಕೇಶನ್ ಇನ್ನೂ ಸಿಗುತ್ತದೆ. ಅದೊಂದನ್ನು ಶೂಟ್ ಮಾಡೋಣ ಅಂತ ಎಲ್ಲರೂ ಒಪ್ಪಿದ್ದಾರೆ.

ಮೊದಲ ಎರಡು ನಿಮಿಷದ ಬಗ್ಗೆ: ಹೌದು, ಅಲಾರಂ ಇದೆ. ತೆಗೆಯುತ್ತೇವೆ.

ಇನ್ನೊಂದು ಪ್ರಶ್ನೆ. ಸಿನಿಮಾ ತುಂಬಾ ಕತ್ತಲೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುತ್ತದೆ. ಫೋನಿನಲ್ಲಿ ನೋಡಿದ ಗೆಳೆಯರು "ಏನೂ ಕಾಣಿಸಲಿಲ್ಲ" ಅಂದರು. ಥಿಯೇಟರಿಗೆ ಒಂದು, ನೆಟ್‌ಗೆ ಒಂದು ಅಂತ ಬೇರೆ ಬೇರೆ ಮಾಡಬೇಕಾ?

ಗುಂಯ್‌ಸದ್ದು

ಮಾಡಬೇಕು. ಚಿತ್ರಕ್ಕೂ, ಸದ್ದಿಗೂ. ಇದನ್ನು ತಾಂತ್ರಿಕ ಕೆಲಸ ಅಂತ ಪಕ್ಕಕ್ಕಿಡಬೇಡಿ, ಇದೂ ಹಂಚಿಕೆಯ ಭಾಗವೇ.

ಥಿಯೇಟರಿಗೆ ಸಾಮಾನ್ಯವಾಗಿ ಡಿಸಿಪಿ, ಅಂದರೆ ಥಿಯೇಟರ್ ಪ್ರೊಜೆಕ್ಟರಿನಲ್ಲಿ ಓಡುವ ಡಿಜಿಟಲ್ ಪ್ರತಿ, ಕೇಳುತ್ತಾರೆ. ಅದನ್ನು ಮಾಡೋಕೆ ಡಿಸಿಪಿ ಓ ಮ್ಯಾಟಿಕ್ ಅನ್ನೋ ಉಚಿತ ಸಾಫ್ಟ್‌ವೇರ್ ಸಾಕು. ಅಗಲದ ಸ್ಕೋಪ್ ಚೌಕಟ್ಟಾದರೆ 2048 x 858 ಪಿಕ್ಸೆಲ್, ಅದಕ್ಕಿಂತ ಅಗಲ ಕಡಿಮೆ ಇರುವ ಫ್ಲಾಟ್ ಚೌಕಟ್ಟಾದರೆ 1998 x 1080. ಸೆಕೆಂಡಿಗೆ 24 ಫ್ರೇಮ್ ಇದ್ದರೆ ಎಲ್ಲ ಕಡೆ ತೊಂದರೆಯಿಲ್ಲದೆ ಓಡುತ್ತದೆ. ಮಾಡಿದ ಮೇಲೆ ಯಾವುದಾದರೂ ನಿಜವಾದ ಪರದೆಯ ಮೇಲೆ ಒಮ್ಮೆ ನೋಡಲೇಬೇಕು.

ನೆಟ್‌ಗೆ ಹಾಕುವಾಗ ಕಂಪ್ರೆಶನ್, ಅಂದರೆ ಫೈಲ್ ಗಾತ್ರ ಕುಗ್ಗಿಸೋದು, ಕತ್ತಲೆಯನ್ನೇ ಮೊದಲು ತಿನ್ನುತ್ತದೆ. ನೆರಳಿನ ಗೋಡೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ನೆಟ್ ಆವೃತ್ತಿಯಲ್ಲಿ ನೆರಳನ್ನು ಸ್ವಲ್ಪ ಮೇಲೆತ್ತಿ, ಮುಖದ ಮೇಲಿನ ಸ್ಕ್ರೀನ್ ಬೆಳಕನ್ನು ತುಸು ಜಾಸ್ತಿ ಮಾಡಿ. 4ಕೆಯಲ್ಲಿ ಅಪ್‌ಲೋಡ್ ಮಾಡಿದರೆ ಯೂಟ್ಯೂಬ್ ಹೆಚ್ಚು ಬಿಟ್‌ರೇಟ್ (ಪ್ರತಿ ಸೆಕೆಂಡಿನ ಚಿತ್ರಕ್ಕೆ ಹೆಚ್ಚು ಡೇಟಾ) ಕೊಡುತ್ತದೆ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಸದ್ದಿನದು ಇನ್ನೂ ಮುಖ್ಯ. ನಿಮ್ಮ ಸಿನಿಮಾದಲ್ಲಿ ತಳದ ಗುಡುಗಿನಂಥ ಸದ್ದಿನಿಂದ ಭಯ ಹುಟ್ಟಿಸಿದ್ದರೆ, ಫೋನಿನ ಸ್ಪೀಕರ್‌ನಲ್ಲಿ ಅದು ಕೇಳಿಸೋದೇ ಇಲ್ಲ. ಅಷ್ಟು ಆಳದ ಸದ್ದನ್ನು ಆ ಚಿಕ್ಕ ಸ್ಪೀಕರ್ ಹೊರಡಿಸಲಾರದು. ಅದಕ್ಕೆ ಮೇಲಿನ ಶ್ರುತಿಯಲ್ಲಿ ಒಂದು ಜೊತೆಗಾರ ಸದ್ದು ಇಡಿ: ಟ್ಯೂಬ್‌ಲೈಟಿನ ಸಣ್ಣ ಝೇಂಕಾರ, ಕುರ್ಚಿಯ ಕಿರ್ ಸದ್ದು. ಯೂಟ್ಯೂಬ್ ಜೋರಾದ ಆಡಿಯೊವನ್ನು ಸುಮಾರು ಮೈನಸ್ 14 ಲಫ್ಸ್ (LUFS, ಸದ್ದಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ಇಳಿಸುತ್ತದೆ. ಹಾಗಾಗಿ ಎಲ್ಲವನ್ನೂ ಜೋರು ಮಾಡಿ ಲಾಭವಿಲ್ಲ. ಮೌನವನ್ನು ಮೌನವಾಗಿಯೇ ಬಿಡಿ.

ಸಬ್‌ಟೈಟಲ್ ಬೇರೆ ಫೈಲ್ ಆಗಿ ಇಟ್ಟುಕೊಳ್ಳಿ, ಚಿತ್ರದ ಮೇಲೆ ಅಂಟಿಸಿದ ಪ್ರತಿ ಒಂದೇ ಇದ್ದರೆ ಮುಂದೆ ಇನ್ನೊಂದು ಭಾಷೆಗೆ ಹೋಗುವಾಗ ಕಷ್ಟ. ಒಮ್ಮೆಗೆ ಎರಡು ಸಾಲು ಮೀರಬೇಡಿ. ಥ್ರಿಲ್ಲರ್‌ನಲ್ಲಿ ಇನ್ನೂ ಒಂದು ಜಾಗ್ರತೆ ಬೇಕು: ಮಾತು ಬರುವ ಮುಂಚೆಯೇ ಸಬ್‌ಟೈಟಲ್ ಬಂದರೆ ಗುಟ್ಟು ಅಲ್ಲೇ ರಟ್ಟಾಗುತ್ತದೆ.

ಕಾಗದಪತ್ರ

ಯಾರೂ ಇದನ್ನು ಎತ್ತಿಲ್ಲ, ನಾನು ಎತ್ತುತ್ತೇನೆ. ಹಿನ್ನೆಲೆ ಸಂಗೀತ ಯಾರದ್ದು?

ಸಿನಿಮಾ ಚೆನ್ನಾಗಿದ್ದೂ ಮೂಲೆ ಸೇರೋದು ಹೆಚ್ಚಾಗಿ ಈ ಕಾರಣಕ್ಕೆ. ಯಾವುದೋ ಹಾಡು ಬಳಸಿರುತ್ತಾರೆ. ಕ್ಲಾಸಿನಲ್ಲಿ ತೋರಿಸುವಾಗ ಯಾರೂ ಕೇಳಲ್ಲ. ಫೆಸ್ಟಿವಲ್ ಅರ್ಜಿಯಲ್ಲಿ "ಎಲ್ಲ ಹಕ್ಕು ನಿಮ್ಮ ಬಳಿ ಇದೆಯಾ" ಅಂತ ಒಂದು ಚೌಕ ಇರುತ್ತದೆ. ಅಲ್ಲಿ ಟಿಕ್ ಹಾಕಿದರೆ ಜವಾಬ್ದಾರಿ ನಿಮ್ಮದೇ. ಯೂಟ್ಯೂಬ್‌ಗೆ ಹಾಕಿದರೆ ಬೇರೆಯವರ ಹಾಡು ಗುರುತಿಸುವ ಅವರ ಕಂಟೆಂಟ್ ಐಡಿ ವ್ಯವಸ್ಥೆ ತಾನಾಗಿಯೇ ಹಿಡಿಯುತ್ತದೆ. ಆಗ ಜಾಹೀರಾತಿನ ಹಣ ಹಾಡಿನವರಿಗೆ ಹೋಗಬಹುದು, ಇಲ್ಲ ವಿಡಿಯೊನೇ ತಡೆಯಬಹುದು. ಒಂದು ಹಾಡಿಗೆ ಎರಡು ಹಕ್ಕು ಇರುತ್ತದೆ: ರಚನೆಯದು ಒಂದು, ಆ ರೆಕಾರ್ಡಿಂಗ್‌ನದು ಇನ್ನೊಂದು. ಎರಡೂ ಬೇಕು.

ಸಂಗೀತ ಗೆಳೆಯನೇ ಮಾಡಿದ್ದರೂ ಒಂದು ಪುಟದ ಒಪ್ಪಂದ ಬರೆದು ಸಹಿ ಹಾಕಿಸಿ. ಫೆಸ್ಟಿವಲ್‌ಗೆ ಮಾತ್ರವಾ, ನೆಟ್‌ಗೂ ಸೇರಿಯಾ, ಎಷ್ಟು ವರ್ಷ, ಎಲ್ಲ ದೇಶಕ್ಕಾ ಅಂತ ಅದರಲ್ಲಿ ಸ್ಪಷ್ಟ ಇರಲಿ. ನಟರಿಂದಲೂ ಸಹಿ ಬೇಕು. ಲೊಕೇಶನ್ ಕೊಟ್ಟವರಿಂದಲೂ ಬೇಕು, ನಿಮ್ಮದು ಸಿಸಿಟಿವಿ ರೂಮ್ ಬೇರೆ. ಆ ಸ್ಕ್ರೀನ್‌ಗಳಲ್ಲಿ ನಿಜವಾದ ಜನರ ನಿಜವಾದ ದೃಶ್ಯ ಏನಾದರೂ ಇದೆಯಾ? ಇದ್ದರೆ ಅವರ ಒಪ್ಪಿಗೆ ಇಲ್ಲದೆ ಹೊರಗೆ ತೋರಿಸಬೇಡಿ.

ಇನ್ನೊಂದು: ಕೆಲವು ಕಾಲೇಜುಗಳಲ್ಲಿ ಪ್ರಾಜೆಕ್ಟ್ ಸಿನಿಮಾದ ಹಕ್ಕು ಕಾಲೇಜಿನದ್ದೇ ಆಗಿರುತ್ತದೆ. ಲಾ ಸಿನೆಫ್ ಥರದ ವಿಭಾಗಕ್ಕೆ ಕಾಲೇಜು ಜೊತೆಗಿದ್ದರೆ ಅನುಕೂಲವೇ. ಆದರೆ ನೆಟ್‌ನಲ್ಲಿ ಹಾಕೋಕೆ ಅನುಮತಿ ಬೇಕಾಗಬಹುದು. ಈಗಲೇ ಕೇಳಿ, ಬರಹದಲ್ಲಿ ಪಡೆಯಿರಿ.

ನೇರನೆಟ್

ಕಾಗದಪತ್ರ ಅವರ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ.

ನಾನು ಮೇಲೆ ಹೇಳಿದ್ದಕ್ಕೆ ದುಡ್ಡಿನ ಲೆಕ್ಕ ಸೇರಿಸುತ್ತೇನೆ, ರಿಪೋರ್ಟ್‌ಗೂ ಬೇಕಾಗುತ್ತದೆ. ಯೂಟ್ಯೂಬ್ ಜಾಹೀರಾತಿನ ಪಾಲು ಸಿಗಬೇಕಾದರೆ, ಉದ್ದದ ವಿಡಿಯೊ ಹಾಕುವ ಚಾನೆಲ್‌ಗೆ 1000 ಚಂದಾದಾರರು ಮತ್ತು 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಬೇಕು. ಸಿನಿಮಾವನ್ನು 15 ನಿಮಿಷಕ್ಕೆ ಇಳಿಸಿದರೂ, 16,000 ಜನ ಮೊದಲಿಂದ ಕೊನೆವರೆಗೆ ನೋಡಿದರೆ ಮಾತ್ರ 4000 ಗಂಟೆ. ಅರ್ಧಕ್ಕೇ ಬಿಟ್ಟು ಹೋಗುವವರೇ ಜಾಸ್ತಿ. ಒಂದು ಸಿನಿಮಾದಿಂದ ಆದಾಯ ಬರುತ್ತದೆ ಅಂತ ರಿಪೋರ್ಟ್‌ನಲ್ಲಿ ಬರೆಯಬೇಡಿ. ಈ ಸಿನಿಮಾ ನಿಮಗೆ ಕೊಡೋದು ಮುಂದಿನ ಕೆಲಸವನ್ನು. ಹಾಗಂತ ಧೈರ್ಯವಾಗಿ ಬರೆಯಿರಿ.

ಪರದೆಹಿಂದೆ ಅವರ ವಾದವನ್ನೂ ಅರ್ಧ ಒಪ್ಪುತ್ತೇನೆ. ಫೆಸ್ಟಿವಲ್ ಮೊದಲು ಇರಲಿ, ಆದರೆ ಕೊನೆ ದಿನಾಂಕ ಗೊತ್ತು ಮಾಡಿಕೊಳ್ಳಿ. ಆ ದಿನ ಬಂದರೆ ಆಯ್ಕೆಯಾಗಿರಲಿ, ಬಿಡಲಿ, ನೆಟ್‌ಗೆ ಬರಬೇಕು. ಆ ದಿನಕ್ಕೆ ಯಾರು ಏನು ಮಾಡಬೇಕು ಅಂತ ಟೀಮ್ ಚದುರುವ ಮುಂಚೆಯೇ ಹಂಚಿಕೊಳ್ಳಿ. ಟ್ರೈಲರ್, ಪೋಸ್ಟರ್, ಒಳ್ಳೆಯ ನಾಲ್ಕೈದು ಸ್ಟಿಲ್ (ಪ್ರಚಾರದ ಫೋಟೊ) ಈಗಲೇ ಮಾಡಿಟ್ಟುಬಿಡಿ. ಸ್ಟಿಲ್‌ಗಳನ್ನು ವಿಡಿಯೊದಿಂದ ಕಿತ್ತರೆ ಮಸುಕಾಗಿ ಬರುತ್ತವೆ. ಆ ಬಾಕಿ ಶಾಟ್ ತೆಗೆಯೋಕೆ ಹೋಗುತ್ತೀರಲ್ಲ, ಅಂದೇ ಒಬ್ಬರು ಬರೀ ಫೋಟೊ ತೆಗೆಯಲಿ.

ಕತ್ತಲೆಕೋಣೆ

ಇವತ್ತು ಟೀಮ್ ಕೂತು ಮಾತಾಡಿದೆವು. ರಿಪೋರ್ಟ್‌ನ ಆ ಭಾಗವನ್ನು ಪೂರ್ತಿ ಹೊಸದಾಗಿ ಬರೆಯುತ್ತಿದ್ದೇವೆ. 15ರಿಂದ 35 ಅನ್ನೋ ಸಾಲು ಹೋಯಿತು. ಅದರ ಜಾಗದಲ್ಲಿ ಮೂರು ಗುಂಪು, ಮೂವರಿಗೂ ಮೂರು ದಾರಿ. ಥ್ರಿಲ್ಲರ್ ಫೆಸ್ಟಿವಲ್‌ನವರಿಗೆ ಡಿಸಿಪಿ. ಇಯರ್‌ಫೋನ್‌ನವರಿಗೆ ನೆಟ್ ಆವೃತ್ತಿ, ಅದನ್ನು ಕಿರುಚಿತ್ರ ಚಾನೆಲ್ ಮೂಲಕ ಪ್ರಯತ್ನ. ರಾತ್ರಿ ಪಾಳಿಯವರಿಗೆ ಅವರ ಬಿಡುವಿನ ಹೊತ್ತಿನಲ್ಲೇ ಒಂದು ಪ್ರದರ್ಶನ. ಇದು ನಮ್ಮ ನಾಯಕಿ ಪಾತ್ರ ಮಾಡಿದ ಗೆಳತಿಯ ಐಡಿಯಾ, ಎಲ್ಲರಿಗಿಂತ ಜಾಸ್ತಿ ಅವಳೇ ಖುಷಿಯಾಗಿದ್ದಾಳೆ. ಸಿನಿಮಾ 15ರ ಒಳಗೆ ಇಳಿಸುವ ಪ್ರಯತ್ನ ನಡೆದಿದೆ.

ಸಂಗೀತ ನಮ್ಮವನೇ ಮಾಡಿದ್ದು, ಒಪ್ಪಂದ ಬರೆಯುತ್ತೇವೆ. ಸ್ಕ್ರೀನ್‌ಗಳಲ್ಲಿ ಇರೋರೆಲ್ಲ ನಮ್ಮ ಕ್ಲಾಸಿನವರೇ, ಅವರ ಸಹಿಯೂ ತೆಗೆದುಕೊಳ್ಳುತ್ತೇವೆ.

ಒಂದೇ ಒಂದು ಅನುಮಾನ ಉಳಿದಿದೆ. ನಟರೆಲ್ಲ ಪೂರ್ತಿ ಸಿನಿಮಾ ಕಳಿಸಿ ಅಂತ ಕೇಳುತ್ತಿದ್ದಾರೆ. ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಮಾಡಿ, ಅಂದರೆ ಹುಡುಕಿದರೆ ಸಿಗದ ಹಾಗೆ ಇಟ್ಟು, ಲಿಂಕ್ ಕೊಡಬಹುದಾ?

ಪರದೆಹಿಂದೆ

ಬೇಡ. ಅನ್‌ಲಿಸ್ಟೆಡ್ ಲಿಂಕ್ ಯಾರ ಕೈಗೆ ಸಿಕ್ಕಿದರೂ ತೆರೆದುಕೊಳ್ಳುತ್ತದೆ. ಒಬ್ಬರು ಪ್ರೀತಿಯಿಂದ ಒಂದು ಗ್ರೂಪಿಗೆ ಹಾಕಿದರೆ ಸಾಕು, ನಿಮ್ಮ ಕೊನೆಯ ದೃಶ್ಯ ಊರೆಲ್ಲ ಓಡಾಡುತ್ತದೆ. ವಿಮಿಯೊ ಅನ್ನೋ ವಿಡಿಯೊ ಸೈಟ್‌ನಲ್ಲಿ ಪಾಸ್‌ವರ್ಡ್ ಹಾಕಿ, ಡೌನ್‌ಲೋಡ್ ಬಂದ್ ಮಾಡಿ. ಫೆಸ್ಟಿವಲ್‌ನವರಿಗೆ ಕೊಡುವ ಲಿಂಕ್ ಬೇರೆ ಇರಲಿ. ಆಯ್ಕೆ ಮುಗಿಯುವವರೆಗೂ ಅದರ ಪಾಸ್‌ವರ್ಡ್ ಬದಲಿಸಬೇಡಿ, ತೆರೆಯದ ಲಿಂಕ್ ಹಿಂದೆ ಓಡಾಡುವಷ್ಟು ಸಮಯ ಅವರಿಗೆ ಇರಲ್ಲ.

ನಟರಿಗೆ ಲಿಂಕ್‌ಗಿಂತ ಒಳ್ಳೆಯದು ಅಂದರೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ದೊಡ್ಡ ಪರದೆಯಲ್ಲಿ ತೋರಿಸೋದು. ಹೇಗೂ ಡಿಸಿಪಿ ಪರೀಕ್ಷೆ ಮಾಡಬೇಕು, ಎರಡೂ ಒಂದೇ ದಿನ ಇಟ್ಟುಕೊಳ್ಳಿ. ನೀವು ಮಾತ್ರ ಪರದೆ ನೋಡಬೇಡಿ, ಪಕ್ಕಕ್ಕೆ ಕೂತು ಜನರ ಮುಖ ನೋಡಿ. ಎಲ್ಲಿ ಫೋನ್ ತೆಗೆಯುತ್ತಾರೋ ಅಲ್ಲಿ ಇನ್ನೂ ಕತ್ತರಿಸೋದಿದೆ.